ರಷ್ಯನ್ ಹಡಗಿನಲ್ಲಿ ದುಭಾಷಿಯಾಗಿ ಒಂಬತ್ತು ವಾರ

ಮೇ 27ಕ್ಕೆ ಹಡಗಿನಿಂದ ಇಳಿದೆ. ಇವತ್ತಿಗೆ ಹನ್ನೆರಡು ದಿನ. ಗಂಗೊಳ್ಳಿಯ ನಮ್ಮ ಮನೆಯ ಬಚ್ಚಲಲ್ಲಿ ನಿಂತರೆ ಈಗಲೂ ಒಂದು ಕೈ ತಾನಾಗಿ ಗೋಡೆ ಹಿಡಿಯುತ್ತದೆ. ಅಮ್ಮ ನಗುತ್ತಾಳೆ. "ಕಡಲ ಬದಿಯಲ್ಲೇ ಹುಟ್ಟಿದವಳು, ಕಡಲು ಕಂಡದ್ದು ಈಗಲಾ?" ಅಂತ. ಒಂದು ಲೆಕ್ಕಕ್ಕೆ ಹೌದು.

ನಾನು ಹೈದರಾಬಾದಿನ ಇಫ್ಲು ವಿಶ್ವವಿದ್ಯಾಲಯದಲ್ಲಿ ರಷ್ಯನ್ ಎಂ.ಎ. ಮಾಡಿದವಳು. ಆಮೇಲೆ ಆರು ವರ್ಷ ಬೆಂಗಳೂರಿನಲ್ಲಿ ಕೂತು ಯಂತ್ರಗಳ ಕೈಪಿಡಿ ಅನುವಾದ ಮಾಡಿದೆ. ಜನವರಿಯಲ್ಲಿ ಮುಂಬೈಯ ಒಬ್ಬ ಏಜೆಂಟರ ಫೋನ್ ಬಂತು. ಸಮುದ್ರದ ತಳದಲ್ಲಿ ಎಣ್ಣೆ, ಅನಿಲ ಇದೆಯಾ ಅಂತ ನೋಡುವ ಸರ್ವೆ ಹಡಗು. ಸಿಬ್ಬಂದಿ ಎಲ್ಲ ರಷ್ಯನ್ನರು. ಕೆಲಸ ನಮ್ಮ ಕರಾವಳಿಯ ಆಚೆ, ಕಾರವಾರ–ಹೊನ್ನಾವರದ ನೇರಕ್ಕೆ ಆಳ ಸಮುದ್ರದಲ್ಲಿ. ರಷ್ಯನ್, ಇಂಗ್ಲಿಷ್ ಎರಡೂ ಬರಬೇಕು, ಮೀನುಗಾರರ ಜೊತೆ ವೈರ್‌ಲೆಸ್‌ನಲ್ಲಿ ಕನ್ನಡ, ತುಳು, ಕೊಂಕಣಿ ಮಾತಾಡಲೂ ಬರಬೇಕು. ಐದು ವಾರ ಅಷ್ಟೇ ಅಂದರು. ನಾನು ಕುಣಿದುಬಿಟ್ಟೆ. ನನಗೆ ಹೇಳಿ ಮಾಡಿಸಿದ ಕೆಲಸ, ಅಲ್ವಾ?

ಹಡಗು ಹತ್ತಿದ ಮೇಲೆ ಗೊತ್ತಾಯಿತು, ಅದು ಎರಡು ಹುದ್ದೆ. ದುಭಾಷಿ ಒಂದು, ಮೀನುಗಾರರ ಸಂಪರ್ಕಾಧಿಕಾರಿ ಇನ್ನೊಂದು. ಎರಡಕ್ಕೂ ಒಂದೇ ಸಂಬಳ. ಇಂಥ ಕರೆ ನಿಮಗೆ ಬಂದರೆ ಮೊದಲು ಕೆಲಸದ ವಿವರ ಬರಹದಲ್ಲಿ ಕೇಳಿ.

ಕಾಗದಪತ್ರದ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಜಾಸ್ತಿ ಒದ್ದಾಡಿದ್ದು ಅಲ್ಲೇ. ಮೊದಲ ಗೊಂದಲ ಸಿಡಿಸಿಯದ್ದು. ಹಡಗುಗಳ ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ ಡಿಜಿ ಶಿಪ್ಪಿಂಗ್ ನಾವಿಕರಿಗೆ ಕೊಡುವ ಗುರುತಿನ ಪುಸ್ತಕ ಅದು. ಒಬ್ಬರು ಬೇಕೇ ಬೇಕು ಅಂದರು, ಇನ್ನೊಬ್ಬರು ದುಭಾಷಿಗೆ ಎಂಥ ಸಿಡಿಸಿ ಅಂದರು. ಮೂರನೆಯವರೊಬ್ಬರು ಬೇರೆ ಯಾವುದೋ ದೇಶದ ಸಿಡಿಸಿ ಹತ್ತು ದಿನದಲ್ಲಿ ಮಾಡಿಸಿ ಕೊಡುತ್ತೇನೆ, ಎಪ್ಪತ್ತು ಸಾವಿರ ಕೊಡಿ ಅಂದರು. ಅವರ ನಂಬರ್ ಅಲ್ಲೇ ಬ್ಲಾಕ್ ಮಾಡಿದೆ. ಕೊನೆಗೆ ಹಡಗಿನ ಕಂಪನಿಯಿಂದಲೇ ಪತ್ರ ತರಿಸಿಕೊಂಡೆ. ನನ್ನ ಹೆಸರು ಸಿಬ್ಬಂದಿಯ ಪಟ್ಟಿಯಲ್ಲಿ 'ಸೂಪರ್‌ನ್ಯೂಮರರಿ', ಅಂದರೆ ಹಡಗು ನಡೆಸುವ ಕೆಲಸಕ್ಕೆ ಸೇರದ ಹೆಚ್ಚುವರಿ ಮನುಷ್ಯಳು, ಅಂತ ಇರುತ್ತದೆ, ಸಿಡಿಸಿ ಬೇಡ ಅಂತ. ಯಾವ ಹೆಸರಿನಲ್ಲಿ ಹತ್ತಿಸಿಕೊಳ್ಳುತ್ತಾರೆ ಅನ್ನುವುದನ್ನು ಮೊದಲೇ ಕೇಳಿದ್ದರೆ ನನಗೆ ಒಂದು ವಾರ ಉಳಿಯುತ್ತಿತ್ತು. ಇನ್ನೊಂದು ಮಾತು. ನಾವಿಕರನ್ನು ಕೆಲಸಕ್ಕೆ ಸೇರಿಸುವ ಏಜೆಂಟರಿಗೆ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು. ಯಾರಿಗಿದೆ ಅನ್ನುವುದು ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಕೆಲಸ ಕೊಡಿಸಿದ್ದಕ್ಕೆ ಅಂತ ನಮ್ಮಿಂದ ಹಣ ತೆಗೆದುಕೊಳ್ಳುವ ಹಾಗಿಲ್ಲ.

ಆಮೇಲೆ ತರಬೇತಿ. ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ, ಭದ್ರತೆ ಅಂತ ಐದು ಕೋರ್ಸು. ಎರಡು ವಾರ ಹಿಡಿಯಿತು, ನನಗೆ 13,500 ರೂಪಾಯಿ ಆಯಿತು. ಇಪ್ಪತ್ತರ ಹುಡುಗರ ನಡುವೆ ಮೂವತ್ತೊಂದರ ನಾನು ಮಗುಚಿದ ರಬ್ಬರ್ ದೋಣಿಯ ಮೇಲೆ ಹತ್ತಿ ಅದನ್ನು ತಿರುಗಿಸಿ ಹಾಕಬೇಕು. ಮೂರನೇ ಸಲ ಆಯಿತು. ಇಷ್ಟು ಮುಗಿದ ಮೇಲೆ ಹೆಲಿಕಾಪ್ಟರ್ ಕೋರ್ಸೂ ಬೇಕು ಅಂದರು. ಅದು 26 ಸಾವಿರ. ಹೆಲಿಕಾಪ್ಟರಿನ ಹಾಗೆ ಇರುವ ಡಬ್ಬಿಯಲ್ಲಿ ಬೆಲ್ಟ್ ಕಟ್ಟಿ ಕೂರಿಸಿ, ಈಜುಕೊಳಕ್ಕೆ ಇಳಿಸಿ, ನೀರೊಳಗೆ ತಲೆಕೆಳಗು ಮಾಡುತ್ತಾರೆ. ಒಂದು ಕೈಯಲ್ಲಿ ಕಿಟಕಿಯ ಅಂಚು ಹಿಡಿದುಕೊಂಡೇ ಬೆಲ್ಟ್ ಬಿಚ್ಚಬೇಕು. ಕೈ ಬಿಟ್ಟರೆ ಮೇಲೆ ಯಾವುದು ಕೆಳಗೆ ಯಾವುದು ಅಂತಲೇ ತಿಳಿಯುವುದಿಲ್ಲ. ಒಂಬತ್ತು ವಾರದಲ್ಲಿ ನಾನು ಹೆಲಿಕಾಪ್ಟರನ್ನು ದೂರದಿಂದಲೂ ನೋಡಲಿಲ್ಲ. ಖರ್ಚು ವಾಪಸ್ ಕೊಡುತ್ತೇವೆ ಅಂದಿದ್ದರು. ಇದುವರೆಗೆ ಅರ್ಧ ಬಂದಿದೆ.

ಡಿಜಿ ಶಿಪ್ಪಿಂಗ್ ಒಪ್ಪಿದ ಡಾಕ್ಟರ ಹತ್ತಿರವೇ ಮೆಡಿಕಲ್ ಮಾಡಿಸಬೇಕು, ಊರಿನ ಡಾಕ್ಟರ ಚೀಟಿ ನಡೆಯುವುದಿಲ್ಲ. ಪ್ರತಿ ಸರ್ಟಿಫಿಕೇಟಿನಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಸಿಕೊಳ್ಳಿ. ನನ್ನ ಒಂದರಲ್ಲಿ ಇನಿಶಿಯಲ್ ಹಿಂದೆ ಮುಂದೆ ಆಗಿ ನಾಲ್ಕು ದಿನ ಹೋಯಿತು.

ಮಾರ್ಚ್ 6ಕ್ಕೆ ಮುಂಬೈಗೆ ಬನ್ನಿ, ಎರಡು ದಿನದಲ್ಲಿ ಹಡಗು ಅಂದರು. ಎರಡು ದಿನ ಅಂದದ್ದು ಹತ್ತೊಂಬತ್ತು ದಿನವಾಯಿತು. ವಿದೇಶಿ ಹಡಗು ನಮ್ಮ ಸಮುದ್ರದಲ್ಲಿ ಇಂಥ ಕೆಲಸ ಮಾಡಬೇಕಾದರೆ ಡಿಜಿ ಶಿಪ್ಪಿಂಗ್ ಪರವಾನಗಿ ಬೇಕು. ಅದರ ಮೇಲೆ ನೌಕಾಪಡೆಯ ತಪಾಸಣೆ. ಹಡಗಿನ ಜೊತೆಗೆ ಅದರಲ್ಲಿರುವ ಒಬ್ಬೊಬ್ಬರ ಹೆಸರೂ ಕ್ಲಿಯರ್ ಆಗಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ, ಸಮುದ್ರದ ತಳದ ನಕ್ಷೆ ತೆಗೆಯುವವರನ್ನು ಹಾಗೇ ಬಿಡಲಾಗುತ್ತದಾ? ಆದರೆ ಇದಕ್ಕೆ ಇಷ್ಟು ದಿನ ಹಿಡಿಯಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಲಾಡ್ಜಿನಲ್ಲಿ ಫ್ಯಾನ್ ನೋಡುತ್ತಾ ಮಲಗಿದೆ. ಬ್ಯಾಗ್ ಕಟ್ಟಿ ಬಿಚ್ಚಿ, ಬಿಚ್ಚಿ ಕಟ್ಟಿ. ಪ್ರತಿ ಸಂಜೆ "ನಾಳೆ ಮೇಡಂ" ಅನ್ನುವ ಫೋನು. ಕಾಯುವ ದಿನಕ್ಕೆ ಕೊಡುವ ದರಕ್ಕೆ ಸ್ಟ್ಯಾಂಡ್‌ಬೈ ಅನ್ನುತ್ತಾರೆ. ನನ್ನ ಒಪ್ಪಂದದಲ್ಲಿ ಆ ಪದವೇ ಇರಲಿಲ್ಲ. ಸಂಬಳ ಶುರುವಾಗುವುದು ಮನೆ ಬಿಟ್ಟ ದಿನದಿಂದಲೋ ಹಡಗು ಹತ್ತಿದ ದಿನದಿಂದಲೋ ಅಂತಲೂ ಬರೆದಿರಲಿಲ್ಲ. ನಿಮ್ಮದರಲ್ಲಿ ಎರಡೂ ಇರಲಿ.

ಒಂದು ಒಳ್ಳೆಯ ಕೆಲಸ ಆ ದಿನಗಳಲ್ಲೇ ಮಾಡಿದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ 2001ರಲ್ಲಿ ಒಪ್ಪಿದ ಸಿದ್ಧ ವಾಕ್ಯಗಳ ಒಂದು ಸಂಗ್ರಹ ಇದೆ. ಹಡಗಿನವರು ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು ಅಂತ. ಅದನ್ನು ರಷ್ಯನ್ ಜೊತೆ ಇಟ್ಟುಕೊಂಡು ಬಾಯಿಪಾಠ ಮಾಡಿದೆ. ಎಂ.ಎ.ನಲ್ಲಿ ಓದಿದ ಕವಿತೆಗಳು ಹಡಗಿನಲ್ಲಿ ಒಂದು ದಿನವೂ ಬೇಕಾಗಲಿಲ್ಲ. ಇದು ದಿನಾ ಬೇಕಾಯಿತು.

ಮಾರ್ಚ್ 25. ಹಡಗು ದೂರದಲ್ಲಿ ಲಂಗರು ಹಾಕಿತ್ತು. ಲಾಂಚಿನಲ್ಲಿ ಹೋದೆವು. ಹತ್ತುವುದು ಮೆಟ್ಟಿಲಲ್ಲ, ಹಡಗಿನ ಹೊಟ್ಟೆಯ ಮೇಲೆ ನೇತುಬಿಟ್ಟ ಹಗ್ಗದ ಏಣಿ. ಬ್ಯಾಗನ್ನು ಬೇರೆಯಾಗಿ ಹಗ್ಗದಲ್ಲಿ ಎಳೆದುಕೊಳ್ಳುತ್ತಾರೆ, ಎರಡೂ ಕೈ ಖಾಲಿ ಇರಬೇಕು. ಲಾಂಚು ಅಲೆಯ ಜೊತೆ ಪೂರ್ತಿ ಮೇಲೆ ಬಂದಾಗ ಏಣಿಗೆ ಕಾಲಿಡಬೇಕು, ಕೆಳಗಿದ್ದಾಗ ಅಲ್ಲ. ಕೆಳಗಿದ್ದಾಗ ಇಟ್ಟರೆ ಮುಂದಿನ ಅಲೆಗೆ ಲಾಂಚು ಎದ್ದು ಬಂದು ಕಾಲಿಗೆ ಬಡಿಯುತ್ತದೆ. ನಾನು ಮೂರು ಅಲೆ ಬಿಟ್ಟೆ. ಮೇಲಿನಿಂದ ಒಬ್ಬ "ದವಾಯ್, ದವಾಯ್!" ಅಂದ. ಬಾ, ನಡೆ, ಮಾಡು, ಕೊಡು, ಸಾಕು, ಎಲ್ಲಕ್ಕೂ ಅವರಿಗೆ ಇದೊಂದೇ ಮಾತು.

ಮೊದಲ ಮೂರು ದಿನದ ಬಗ್ಗೆ ಹೇಳಲು ಜಾಸ್ತಿ ಇಲ್ಲ, ವಾಂತಿ ಅಷ್ಟೇ. ಅವೊಮಿನ್ ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ತೆಗೆದುಕೊಂಡರೆ ಸುಮ್ನೆ ದಂಡ, ಮೊದಲೇ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ನಿದ್ದೆ ಬರುತ್ತದೆ, ನಿದ್ದೆಗಣ್ಣಲ್ಲಿ ದುಭಾಷಿ ಕೆಲಸ ಆಗುವುದಿಲ್ಲ. ಅಡುಗೆಮನೆಯ ಹೆಂಗಸು, ಹಡಗಿನಲ್ಲಿ ನನ್ನ ಬಿಟ್ಟರೆ ಇದ್ದ ಒಬ್ಬಳೇ ಹೆಂಗಸು, ಒಣ ಬ್ರೆಡ್ಡಿನ ತುಂಡು ಮತ್ತು ಉಪ್ಪುನೀರಿನ ಸೌತೆಕಾಯಿ ತಂದು ಕೊಟ್ಟಳು. ಮಾತ್ರೆಗಿಂತ ಅದೇ ಕೆಲಸ ಮಾಡಿತು.

ರಷ್ಯನ್ನರು ಗೌರವದಿಂದ ಕರೆಯುವಾಗ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಸೇರಿಸುತ್ತಾರೆ. ಕ್ಯಾಪ್ಟನ್ ನನ್ನ ಅಪ್ಪನ ಹೆಸರು ಕೇಳಿ, ಅದಕ್ಕೊಂದು 'ಒವ್ನಾ' ಬಾಲ ಅಂಟಿಸಿದರು. ಗಂಗೊಳ್ಳಿಯಲ್ಲಿ ಬಲೆ ಹೊಲಿದುಕೊಂಡಿದ್ದ ಅಪ್ಪ ಅರಬ್ಬಿ ಸಮುದ್ರದ ನಡುವೆ ದಿನಕ್ಕೆ ಐವತ್ತು ಸಲ ರಷ್ಯನ್ ಆದರು.

ನನಗೆ ರಷ್ಯನ್ ಚೆನ್ನಾಗಿ ಬರುತ್ತದೆ ಅನ್ನುವ ಜಂಬ ಎರಡನೇ ವಾರಕ್ಕೆ ಇಳಿಯಿತು. ಕ್ರೇನ್ ಹತ್ತಿರ "ವೀರಾ!" "ಮಾಯ್ನಾ!" ಅಂತ ಕೂಗುತ್ತಾರೆ. ಯಾವ ನಿಘಂಟಿನಲ್ಲೂ ನಾನು ಹುಡುಕಿರದ ಪದಗಳು. ವೀರಾ ಅಂದರೆ ಮೇಲೆತ್ತು, ಮಾಯ್ನಾ ಅಂದರೆ ಕೆಳಗಿಳಿಸು. ನನ್ನ ಕಿವಿಗೆ ಅದು ಯಾರೋ ಮೈನಾ ಹಕ್ಕಿ ಕರೆದ ಹಾಗೆ. ಇನ್ನೊಂದು ಸಲ ಎಂಜಿನ್ ಕೋಣೆಯಿಂದ ಫೋನ್ ಬಂತು, "ದೇದ್ ವೇಗ ಕೊಡಲ್ಲ ಅಂತಿದ್ದಾರೆ." ದೇದ್ ಅಂದರೆ ಅಜ್ಜ. ನಾನು ಎಣ್ಣೆ ಕಂಪನಿಯ ಪ್ರತಿನಿಧಿಗೆ, ಅವರು ಭಾರತೀಯರು, ಗಂಭೀರವಾಗಿ "ಅಜ್ಜ ಒಪ್ಪುತ್ತಿಲ್ಲ" ಅಂದೆ. ರಷ್ಯನ್ ಹಡಗುಗಳಲ್ಲಿ ಚೀಫ್ ಎಂಜಿನಿಯರನ್ನು ಹಾಗೆ ಕರೆಯುತ್ತಾರೆ, ವಯಸ್ಸು ಮೂವತ್ತೈದಾದರೂ ಸರಿ.

ಇವು ನಗು ಬರಿಸುವ ತಪ್ಪುಗಳು. ನಗು ಬರಿಸದ್ದೂ ಒಂದು ಆಯಿತು. ಕಂಪ್ರೆಸರ್ ಕೆಟ್ಟಿತ್ತು. ಆರು ಗಂಟೆಗೆ ಸರಿ ಆಗುತ್ತಾ ಅಂತ ಪ್ರತಿನಿಧಿ ಕೇಳಿದರು. ಮೆಕ್ಯಾನಿಕ್ "ದಾ ನ್ಯೆತ್, ನವೇರ್ನಯೆ" ಅಂದ. ಪದ ಪದವಾಗಿ ನೋಡಿದರೆ ಅದು 'ಹೌದು ಇಲ್ಲ ಬಹುಶಃ'. ಅರ್ಥ, 'ಇಲ್ಲ ಅನಿಸುತ್ತೆ'. ನಾನು ಬರೀ "ಇಲ್ಲ" ಅಂದೆ. ಪ್ರತಿನಿಧಿ ದಿನಚರಿಯಲ್ಲಿ ಹಾಗೇ ಬರೆದರು. ಐದೂವರೆಗೆ ಕಂಪ್ರೆಸರ್ ಸರಿಯಾಯಿತು. ಕೆಲಸ ನಿಂತ ಗಂಟೆಗೆ ಲಕ್ಷಗಟ್ಟಲೆ ಲೆಕ್ಕ ಇರುವ ಕಡೆ ಇಂಥ ಒಂದು ಪದಕ್ಕೆ ದೊಡ್ಡ ಜಗಳ ಆಗುತ್ತದೆ. ಅವತ್ತಿನಿಂದ ಸಮಯ, ಸಂಖ್ಯೆ ಬಂದಾಗಲೆಲ್ಲ ತಿರುಗಿ ಕೇಳಿಯೇ ಹೇಳುವುದು.

ಈಗ ಹಡಗಿನ ಕೆಲಸ ಎಂಥದ್ದು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಹಡಗಿನ ಹಿಂದೆ ಎಂಟು ಕೇಬಲ್. ಒಂದೊಂದೂ 6 ಕಿಲೋಮೀಟರ್ ಉದ್ದ, ಒಂದರಿಂದ ಇನ್ನೊಂದಕ್ಕೆ ನೂರು ಮೀಟರ್. ಎಲ್ಲ ನೀರಿನೊಳಗೆ, ಎಂಟು ಹತ್ತು ಮೀಟರ್ ಕೆಳಗೆ. ತುದಿಯಲ್ಲಿ ದೀಪ ಇರುವ ಬಾಯ್, ಅಂದರೆ ತೇಲುವ ಗುರುತು, ಮಾತ್ರ ಮೇಲೆ ಕಾಣುತ್ತದೆ. ಹಡಗು ಗಂಟೆಗೆ ಎಂಟು ಕಿಲೋಮೀಟರ್ ಹೋಗುತ್ತಾ, ಸುಮಾರು 11 ಸೆಕೆಂಡಿಗೊಮ್ಮೆ ಏರ್‌ಗನ್‌ನಿಂದ ನೀರಿಗೆ ಗಾಳಿ ಹೊಡೆಯುತ್ತದೆ. ಅದರ ಸದ್ದು ತಳದ ಪದರಗಳಿಗೆ ಬಡಿದು ವಾಪಸ್ ಬರುವುದನ್ನು ಕೇಬಲ್ ಕೇಳಿಸಿಕೊಳ್ಳುತ್ತದೆ. ಈ ಹಡಗು ನಿಲ್ಲುವ ಹಾಗಿಲ್ಲ. ನಿಂತರೆ ಕೇಬಲ್‌ಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ನಕ್ಷೆಯಲ್ಲಿ ಹಾಕಿದ ಒಂದು ಗೆರೆಯ ಮೇಲೆ ನೇರ ಹೋಗಿ, ತಿರುಗಿ ಮುಂದಿನ ಗೆರೆಗೆ ಬರಲು ಮೂರು ಗಂಟೆ ಬೇಕು. ಹಗಲಲ್ಲಿ ಉಂಡೆ, ವಜ್ರ, ಉಂಡೆ ಆಕಾರದ ಕಪ್ಪು ಗುರುತು, ರಾತ್ರಿ ಕೆಂಪು, ಬಿಳಿ, ಕೆಂಪು ದೀಪ ಹಾಕಿರುತ್ತಾರೆ. ಈ ಹಡಗು ಸುಲಭದಲ್ಲಿ ದಾರಿ ಬಿಡಲಾರದು ಅಂತ ಅದರ ಅರ್ಥ.

ಆದರೆ ಬಲೆ ಬಿಟ್ಟು ಕೂತ ಮಲ್ಪೆ ಬೋಟಿನವರಿಗೆ ಕಾಣುವುದು ಏನು? ಒಂದು ದೊಡ್ಡ ಹಡಗು. ಅದು ದಾಟಿ ಹೋದರೆ ಸಮುದ್ರ ಖಾಲಿ. ಹಿಂದೆ 6 ಕಿಲೋಮೀಟರ್ ಇನ್ನೂ ಬರುವುದಿದೆ ಅಂತ ಯಾರಿಗೆ ತಿಳಿಯುತ್ತದೆ?

ಅದನ್ನು ತಿಳಿಸುವುದೇ ನನ್ನ ಕೆಲಸ. ಚಾನೆಲ್ 16ರಲ್ಲಿ ಕರೆದು, ಆಮೇಲೆ ಬೇರೆ ಚಾನೆಲ್‌ಗೆ ಹೋಗಿ ಮಾತಾಡಬೇಕು. ಮೊದಲ ದಿನ ಕನ್ನಡದಲ್ಲಿ ಕರೆದಾಗ ಆ ಕಡೆ ಎರಡು ನಿಮಿಷ ಸದ್ದಿಲ್ಲ. ಆಮೇಲೆ ಒಂದು ಸ್ವರ, "ಹ್ವಾಯ್, ಯಾರ್ ಮರಾಯ್ರೆ ಅದು? ಹೆಂಗ್ಸರ ಸ್ವರ! ನಿಮ್ದ್ ಯಾವೂರಾಯ್ತ್?" ಗಂಗೊಳ್ಳಿ ಅಂದೆ. ಮುಂದಿನ ಹತ್ತು ನಿಮಿಷ ಯಾರ ಮನೆ, ಯಾವ ಕೇರಿ ಅನ್ನುವುದೇ ಆಯಿತು. ಪಕ್ಕದಲ್ಲಿ ನಿಂತ ಕ್ಯಾಪ್ಟನ್ "ಏನಂತೆ?" ಅಂತ ಕೇಳಿದರು. ಎಂಥ ಅನುವಾದ ಮಾಡಲಿ? "ದಾರಿ ಬಿಡ್ತಾರಂತೆ" ಅಂದೆ. ಬಿಟ್ಟರು ಕೂಡ.

ಎಲ್ಲರೂ ಬಿಡುವುದಿಲ್ಲ. ಏಪ್ರಿಲ್ ಮೂರನೇ ವಾರ, ಬೆಳಗಿನ ಜಾವ ಮೂರು ಗಂಟೆ. ರಷ್ಯನ್ನರು ಹನ್ನೆರಡರಿಂದ ನಾಲ್ಕರ ಪಾಳಿಯನ್ನು 'ಸಬಾಕಾ', ಅಂದರೆ ನಾಯಿ, ಅನ್ನುತ್ತಾರೆ. ನನ್ನನ್ನು ಎಬ್ಬಿಸಿ ಬ್ರಿಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಕರೆದರು. ಎದುರಿಗೆ ಮಲ್ಪೆಯ ಬೋಟು, ಅಂಜಲ್ ಮೀನಿಗೆ ತೇಲುವ ಬಲೆ ಬಿಟ್ಟಿದ್ದರು. ನಮಗೂ ಅವರಿಗೂ ಒಂದೂವರೆ ಗಂಟೆಯ ದೂರ. "ಬಲಿ ಎಳುಕೆ ಎರ್ಡ್ ಗಂಟಿ ಬೇಕ್" ಅಂದರು ತಾಂಡೇಲರು, ಅಂದರೆ ಬೋಟು ನಡೆಸುವವರು. ಕ್ಯಾಪ್ಟನ್ ಗೆರೆ ಬಿಡಲು ತಯಾರಿಲ್ಲ. ಅವರ ಮಾತನ್ನು ನಾನು ತಾಂಡೇಲರಿಗೆ ಹೇಳಿದೆ. ತಾಂಡೇಲರು ರೇಗಿದರು. ಬೈಗುಳ ಬಂತು, ಅದನ್ನು ಬಿಡಿ. ಕೊನೆಗೆ ಅವರು ಹೇಳಿದ್ದು, "ನೀವು ಹೀಗೇ ಬಂದರೆ ನಾನು ಬೋಟನ್ನೇ ಅಡ್ಡ ಹಾಕುತ್ತೇನೆ. ಸುವರ್ಣ ತ್ರಿಭುಜದ ಹಾಗೆ ನಾವೂ ಹೋಗುತ್ತೇವೆ, ಹೋಗಲಿ."

2018ರ ಡಿಸೆಂಬರಿನಲ್ಲಿ ಮಲ್ಪೆಯ ಸುವರ್ಣ ತ್ರಿಭುಜ ಅನ್ನುವ ಬೋಟು ಏಳು ಜನರ ಸಮೇತ ಮಹಾರಾಷ್ಟ್ರದ ಕಡೆ ಕಾಣೆಯಾಯಿತು. ಮರು ವರ್ಷ ಮೇ ತಿಂಗಳಲ್ಲಿ ಮಾಲ್ವಣದ ಆಚೆ ಅದರ ಅವಶೇಷ ಸಿಕ್ಕಿತು. ನಮ್ಮ ಕರಾವಳಿಯಲ್ಲಿ ಆ ಹೆಸರು ಕೇಳಿದರೆ ಈಗಲೂ ಹೆಂಗಸರು ಮಾತು ನಿಲ್ಲಿಸುತ್ತಾರೆ. ನನಗೆ ಗೊತ್ತು, ಕ್ಯಾಪ್ಟನ್ನರಿಗೆ ಗೊತ್ತಿಲ್ಲ. ನಾನು ಏನು ಮಾಡಿದೆ? ಮೂರು ಗಂಟೆ ರಾತ್ರಿಯಲ್ಲಿ, ಜಗಳ ತಣ್ಣಗಾಗಲಿ ಅಂತ, ರಷ್ಯನ್‌ನಲ್ಲಿ ಹೀಗಂದೆ: "ದಯವಿಟ್ಟು ದೂರದಿಂದ ಹೋಗಿ ಅಂತ ಅವರು ಕೇಳಿಕೊಳ್ಳುತ್ತಿದ್ದಾರೆ."

ಕ್ಯಾಪ್ಟನ್ ತಲೆ ಆಡಿಸಿ ಗೆರೆಯಲ್ಲೇ ಮುಂದುವರಿದರು. ಕೇಳಿಕೊಳ್ಳುವವರು ಎಷ್ಟೋ ಜನ ಇರುತ್ತಾರಲ್ಲ.

ತಾಂಡೇಲರು ಹೇಳಿದ ಹಾಗೇ ಮಾಡಿದರು. ನಮ್ಮ ಮುಂದೆ ಅರ್ಧ ಮೈಲಿಯಲ್ಲಿ ಬೋಟು ಅಡ್ಡ ಬಂತು. ನಮ್ಮ ಹಡಗಿನ ಕಾವಲಿಗೆ ಇದ್ದ ರತ್ನಾಗಿರಿಯ ಬೋಟು ಕೊಂಕಣಿ, ಮರಾಠಿ ಎರಡರಲ್ಲೂ ಕಿರುಚುತ್ತಾ ಓಡಿತು. ಹಡಗು ಎಡಕ್ಕೆ ತಿರುಗಿತು. ಬೋಟಿಗೆ ಏನೂ ಆಗಲಿಲ್ಲ, ಜನರಿಗೆ ಏನೂ ಆಗಲಿಲ್ಲ. ಆದರೆ ಹಿಂದಿನ ಕೇಬಲ್ ಬಲೆಯ ಮೇಲೆ ಹೋಯಿತು. ಬಲೆಯ ಒಂದು ದೊಡ್ಡ ತುಂಡು ಬಾಯ್‌ಗೆ ಸುತ್ತಿಕೊಂಡು ನಮ್ಮ ಜೊತೆಗೇ ಬಂತು. ಬೆಳಗಾದ ಮೇಲೆ ನೋಡಿದರೆ ಅದರಲ್ಲಿ ಅಂಜಲ್ ಮೀನೂ ಇತ್ತು.

"ಅಡ್ಡ ಬರುತ್ತೇನೆ ಅಂದಿದ್ದರಾ?" ಅಂತ ಕ್ಯಾಪ್ಟನ್ ಕೇಳಿದರು. ಅಂದಿದ್ದರು ಅಂದೆ. ಅವರು ಬೈಯಲಿಲ್ಲ. "ನೀವು ಹೇಳಿದ್ದರೆ ನಾನು ಆಗಲೇ ತಿರುಗುತ್ತಿದ್ದೆ" ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಕ್ಯಾಬಿನ್ನಿಗೆ ಬಂದು ತುಂಬಾ ಹೊತ್ತು ಅತ್ತೆ. ಒಬ್ಬರ ಸಿಟ್ಟನ್ನು ನಾನು ನುಂಗಿಕೊಂಡರೆ ಅದು ಕಡಿಮೆ ಆಗುವುದಿಲ್ಲ, ಬೇರೆ ಕಡೆಯಿಂದ ಬರುತ್ತದೆ. ಆಮೇಲಿನ ಐದು ವಾರ ಯಾರು ಏನಂದರೂ 'ನಾನು' ಅಂತಲೇ ಅನುವಾದ ಮಾಡಿದೆ. ತಾಂಡೇಲರು "ನಾನು ಬಿಡುವುದಿಲ್ಲ" ಅಂದರೆ ರಷ್ಯನ್‌ನಲ್ಲೂ "ನಾನು ಬಿಡುವುದಿಲ್ಲ". ಬೈಗುಳಕ್ಕೆ "ಇಲ್ಲಿ ಬೈಯುತ್ತಿದ್ದಾರೆ, ಜೋರಾಗಿ" ಅಂತ ಸೇರಿಸುತ್ತಿದ್ದೆ. ಕ್ಯಾಪ್ಟನ್ ಎಷ್ಟು ಜೋರಾಗಿ ಅಂತ ಕೇಳಿ ಅದಕ್ಕೆ ತಕ್ಕ ಹಾಗೆ ಹಡಗು ತಿರುಗಿಸುತ್ತಿದ್ದರು!

ಬಲೆಯ ಪರಿಹಾರದ ಕಾಗದ ತಯಾರಾದಾಗ ಇನ್ನೊಂದು ತೊಡಕು. ಹೇಳಿಕೆಗೆ ಸಾಕ್ಷಿ ಅಂತ ನನ್ನ ಸಹಿ ಕೇಳಿದರು. ನಾನು ಬ್ರಿಜ್‌ನಲ್ಲಿದ್ದೆ ನಿಜ, ಆದರೆ ಬಲೆ ಎಲ್ಲಿತ್ತು, ಎಷ್ಟು ಹರಿಯಿತು ಅಂತ ನೋಡಿದವಳಲ್ಲ. 'ಅನುವಾದ ಮಾಡಿದವಳು' ಅಂತ ಬರೆದೇ ಸಹಿ ಹಾಕಿದೆ. ಪ್ರತಿನಿಧಿಗೆ ಅದು ಇಷ್ಟ ಆಗಲಿಲ್ಲ. ನೀವೂ ಇದೊಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ತಾಂಡೇಲರಿಗೆ ನಾನು ಹೇಳಿದ್ದು ಇಷ್ಟೇ: ಜಿಪಿಎಸ್ ಪಾಯಿಂಟ್, ಫೋಟೊ, ಹೊತ್ತು, ಬೋಟಿನ ನೋಂದಣಿ ನಂಬರು ಬರೆದಿಟ್ಟುಕೊಳ್ಳಿ, ಸಂಘದ ಮೂಲಕ ಮಾತಾಡಿ. ಅದು ನನ್ನ ಕೆಲಸಕ್ಕೆ ಸೇರಿದ್ದಾ ಅಂತ ಈಗಲೂ ಗೊತ್ತಿಲ್ಲ. ಅಪ್ಪನ ಮಗಳಾಗಿ ಹೇಳಿದೆ.

ಐದು ವಾರ ಮುಗಿಯಿತು. ನನ್ನ ಬದಲಿಗೆ ಬರಬೇಕಾದ ಹುಡುಗಿಯ ಕ್ಲಿಯರೆನ್ಸ್ ಬರಲಿಲ್ಲ. ಇನ್ನೊಂದು ವಾರ ಅಂದರು. ಆಮೇಲೆ ಇನ್ನೊಂದು. ನಾವಿಕರ ನಿಯಮದ ಪ್ರಕಾರ 24 ಗಂಟೆಯಲ್ಲಿ ಹತ್ತು ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಅವರಿಗೆ ಪಾಳಿ ಇದೆ, ದುಭಾಷಿ ಒಬ್ಬಳೇ. ರಾತ್ರಿ ಎರಡು ಸಲ, ಮೂರು ಸಲ ಎಬ್ಬಿಸುತ್ತಾರೆ. ಏಳನೇ ವಾರದಲ್ಲಿ ಒಂದು ದಿನ ಕ್ಯಾಪ್ಟನ್ನರಿಗೆ ಕುಂದಾಪುರ ಕನ್ನಡದಲ್ಲಿ, ತಾಂಡೇಲರಿಗೆ ರಷ್ಯನ್‌ನಲ್ಲಿ ಹೇಳಿಬಿಟ್ಟೆ. ಎರಡೂ ಕಡೆ ಮೌನ. ಅವತ್ತಿನಿಂದ ನಾನು ಎದ್ದ ಹೊತ್ತು, ಮಲಗಿದ ಹೊತ್ತು ಬರೆದಿಟ್ಟು ಕ್ಯಾಪ್ಟನ್ನರ ನಂತರದ ಅಧಿಕಾರಿ ಚೀಫ್ ಮೇಟ್‌ಗೆ ತೋರಿಸಿದೆ. ತೋರಿಸಿದ ಮೇಲೆ ಮಧ್ಯಾಹ್ನದ ಹೊತ್ತು ನಾಲ್ಕು ತಾಸು ಯಾರೂ ಬಾಗಿಲು ಬಡಿಯಲಿಲ್ಲ. ಮೊದಲ ದಿನದಿಂದಲೇ ಬರೆದಿಡಬೇಕಿತ್ತು.

ಒಳ್ಳೆಯ ದಿನಗಳೂ ಇದ್ದವು. ಮೇ 9 ಅವರ ವಿಜಯ ದಿನ. ಡೆಕ್ಕಿನ ಕೆಲಸಗಾರರ ಮುಖ್ಯಸ್ಥ ಬೋಟ್ಸ್‌ಮನ್ ಇಸ್ತ್ರಿ ಮಾಡಿದ ಅಂಗಿ ಹಾಕಿ ಊಟಕ್ಕೆ ಬಂದ. ಅವನ ಅಜ್ಜ ಯುದ್ಧದಿಂದ ವಾಪಸ್ ಬರಲಿಲ್ಲವಂತೆ. ಆ ಮಾತನ್ನು ಪ್ರತಿನಿಧಿಗೆ ಅನುವಾದ ಮಾಡಲು ಯಾರೂ ಹೇಳಲಿಲ್ಲ, ನಾನೇ ಮಾಡಿದೆ.

ಊಟದ ಬಗ್ಗೆ ಒಂದು ಮಾತು. ಬೀಟ್‌ರೂಟಿನ ಬೋರ್ಶ್, ಗ್ರೇಚ್ಕಾ ಅನ್ನುವ ಒಂದು ಕಾಳಿನ ಅನ್ನ, ಗುರುವಾರ ಮೀನು. ಮೀನಿನ ಮೇಲೆ ಸಬ್ಬಸಿಗೆ. ಮೀನಿಗೆ ಸಬ್ಬಸಿಗೆ ಹಾಕುವವರ ಜೊತೆ ಒಂಬತ್ತು ವಾರ ಬದುಕಿದ್ದೇನೆ, ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಮೇ 27ಕ್ಕೆ ಮುಂಬೈಯಲ್ಲಿ ಇಳಿದು ಮತ್ಸ್ಯಗಂಧಾ ರೈಲು ಹತ್ತಿದೆ. ಜೂನ್ 1ರಿಂದ ಎರಡು ತಿಂಗಳು ಮೀನುಗಾರಿಕೆ ನಿಷೇಧ, ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿವೆ. ಇಳಿಯುವ ಮೊದಲು ಕೆಲಸ ಮಾಡಿದ ದಿನಗಳ ಪತ್ರಕ್ಕೆ ಕ್ಯಾಪ್ಟನ್ ಸಹಿ ಹಾಕಿಸಿಕೊಂಡೆ. ಅದು ನೆನಪಿರಲಿ, ದಡಕ್ಕೆ ಬಂದ ಮೇಲೆ ಆ ಸಹಿ ಸಿಗುವುದಿಲ್ಲ. ಐದು ವಾರದ ಹಣ ಬಂದಿದೆ. ಉಳಿದ ನಾಲ್ಕು ವಾರದ್ದು 'ಪ್ರೊಸೆಸ್‌ನಲ್ಲಿದೆ', ಯಾಕೆಂದರೆ ಒಪ್ಪಂದದಲ್ಲಿ ಇದ್ದದ್ದು ಐದೇ ವಾರ. ಅವಧಿ ಹೆಚ್ಚಿಸಿದಾಗ ಮೇಲ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳದೆ "ಆಯ್ತು ಸರ್" ಅಂದದ್ದು ನನ್ನದೇ ದಡ್ಡತನ. ಮುಂಬೈಯ ಹತ್ತೊಂಬತ್ತು ದಿನದ ಬಗ್ಗೆ ಈಗ ಯಾರೂ ಮಾತೇ ಆಡುವುದಿಲ್ಲ. ನಿನ್ನೆ ನಾಲ್ಕನೇ ಮೇಲ್ ಕಳಿಸಿದ್ದೇನೆ.

ಬದಲಿಗೆ ಬರಬೇಕಾದ ಪುಣೆಯ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಅವಳಿಗೆ ಅಂತೂ ಕ್ಲಿಯರೆನ್ಸ್ ಬಂತು, ಮಳೆಗಾಲ ಮುಗಿದ ಮೇಲೆ ಅದೇ ಹಡಗು. ಏನೇನು ತಗೊಂಡು ಹೋಗಲಿ ಅಕ್ಕ ಅಂದಳು. ಒಪ್ಪಂದದ ವಿಷಯ ಎಲ್ಲ ಹೇಳಿದೆ, ಬರೆದುಕೊಂಡಳು. ಕೊನೆಗೆ ಮಿಡಿ ಉಪ್ಪಿನಕಾಯಿ ಎರಡು ಬಾಟಲಿ ಇಟ್ಟುಕೋ ಅಂದೆ. ಒಂದನ್ನು ಬೋಟ್ಸ್‌ಮನ್ ಮೊದಲ ವಾರದಲ್ಲೇ ಬೋರ್ಶ್‌ಗೆ ಹಾಕಿಕೊಂಡು ಮುಗಿಸುತ್ತಾನೆ.